ಕೈಜಾರಿದ ಸ್ಟಿಕ್ಕಿನ ಸದ್ದು

ಶ್ರೀಕಂಠನಿಗೆ ಸಂಬಳ ಸಿಗುತ್ತಿದ್ದುದೇ ನಡುಗಿಸುವುದಕ್ಕೆ. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ರಾಕೆಟ್ಟಿನ ಬಿಡಿಭಾಗಗಳನ್ನು ಯಂತ್ರದ ಮೇಲೆ ಕೂರಿಸಿ, ಗಡಗಡ ಅಲುಗಿಸಿ, ತಡೆದುಕೊಂಡವನ್ನು ಮೇಲಕ್ಕೂ ತಡೆಯಲಾರದವನ್ನು ಮೂಲೆಗೂ ಕಳಿಸುವ ಕೆಲಸ. ಭಾನುವಾರಗಳೆಲ್ಲ ಡ್ರಮ್ಸಿಗೆ ಮೀಸಲು. ಬೆಂಗಳೂರಿನಿಂದ ವರ್ಗವಾದಾಗ ಲಾರಿಗೆ ಮೊದಲು ಏರಿದ್ದು ಡ್ರಮ್ ಸೆಟ್, ಆಮೇಲೆ ಗ್ಯಾಸ್ ಸಿಲಿಂಡರು, ಜಾಗ ಮಿಕ್ಕಿದ್ದರಿಂದ ತಾನು ಎಂದು ಹೆಂಡತಿ ನಿರ್ಮಲ ಬಂದವರಿಗೆಲ್ಲ ಹೇಳುತ್ತಿದ್ದಳು. ಅವನ ತಂಡದ ಹೆಸರು ‘ನಾಲ್ಕನೇ ಗೇರ್’. ಅವರು ನುಡಿಸುತ್ತಿದ್ದ ರಾಕ್ ಹಾಡುಗಳೆಲ್ಲ ಎಪ್ಪತ್ತರ ದಶಕದವು. ಹೆಚ್ಚಿನ ಸದಸ್ಯರ ಮೊಣಕಾಲುಗಳೂ ಅದೇ ದಶಕದವು.

ಈಚೆಗೆ ಅವನ ಎಡಗೈ ನಡುಗುತ್ತಿತ್ತು. ಟಿವಿ ಮುಂದೆ ಕೂತಾಗ, ತೊಡೆಯ ಮೇಲೆ ತನ್ನ ಪಾಡಿಗೆ ತಾನಿದ್ದ ಕೈ.

“ರೀ, ಉಳ್ಳೂರಲ್ಲಿ ನರದ ಡಾಕ್ಟ್ರು ಇದಾರಂತೆ. ಒಂದ್ಸಲ ತೋರಿಸ್ಕೊಂಡು ಬರೋಣ.”

“ಕೈ ಪ್ರಾಕ್ಟೀಸ್ ಮಾಡ್ತಿದೆ ಕಣೆ. ನಿನ್ ಕೈ ಥರ ಸೋಮಾರಿ ಅಲ್ಲ.”

“ಸೋಮಾರಿ ಕೈಯ ಸಾರನ್ನ ಮಾತ್ರ ಎರಡೆರಡು ಸಲ ಹಾಕಿಸ್ಕೋತೀರಲ್ಲ!”

ಕೊನೆಗೆ ಪಣ ಕಟ್ಟಿದವನು ಅವನೇ. ಕೊಚ್ಚಿಯ ಎಡಪ್ಪಳ್ಳಿಯಲ್ಲಿ ತಂಡದ ಕಾರ್ಯಕ್ರಮವಿತ್ತು. ಅದನ್ನು ಲೈವ್ ಆಲ್ಬಂ ಮಾಡುವವರಿದ್ದರು. “ರೆಕಾರ್ಡಿಂಗ್ ಸುಳ್ಳು ಹೇಳಲ್ಲ. ಎಡಗೈ ಒಂದೇ ಒಂದು ಏಟು ತಪ್ಪಿದ್ರೂ ಉಳ್ಳೂರಿಗೆ ಬರ್ತೀನಿ. ತಪ್ಪದೇ ಇದ್ರೆ ನೀನು ಈ ಮಾತು ಎತ್ತಬಾರದು.” ನಿರ್ಮಲ ಒಪ್ಪಿದಳು. ಮಗಳ ಪರೀಕ್ಷೆಯಿದ್ದುದರಿಂದ ಅವಳು ಕೊಚ್ಚಿಗೆ ಹೋಗಲಿಲ್ಲ.

ಹೋಗದ್ದು ಅವನ ಪುಣ್ಯ. ತಂಡದ ಗಾಯಕಿ ಜಾಯ್ಸ್ ಹಾಡುತ್ತಿದ್ದ ಕೊನೆಯ ಹಾಡಿನ ನಡುವೆ ಎಡಗೈಯ ಸ್ಟಿಕ್ ಜಾರಿ ಬಿತ್ತು. ಬೇರೆಯದು ಪಕ್ಕದ ಚೀಲದಲ್ಲಿಯೇ ಇತ್ತು. ಬೆರಳುಗಳು ಹೋದವು, ಹಿಡಿಯಲಿಲ್ಲ. ಒಂದು ಇಡೀ ಚರಣವನ್ನು ಬಲಗೈಯೊಂದರಲ್ಲೇ ದಾಟಿಸಿದ. ಜನ ಅದನ್ನೂ ಕಸರತ್ತೆಂದು ತಿಳಿದು ಶಿಳ್ಳೆ ಹಾಕಿದರು. ಬೆವರಿಗೆ ಜಾರಿತು ಎಂದು ಅವನು ತನಗೆ ತಾನೇ ಹೇಳಿಕೊಂಡ. ಮನೆಯಲ್ಲಿ ಹೇಳಲಿಲ್ಲ.

ರೆಕಾರ್ಡಿಂಗ್ ಕಳಿಸಿದವನು ಅಶ್ರಫ್. ಕಾಸರಗೋಡಿನವನು, ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ನೌಕರಿ, ತಂಡಕ್ಕೆ ಪ್ರೀತಿಯಿಂದ ರೆಕಾರ್ಡಿಂಗ್ ಮಾಡಿಕೊಡುತ್ತಿದ್ದ. ಮನೆಯ ಮೂವರೂ ಕೂತು ಕೇಳಿದರು. ನಿರ್ಮಲ ಉತ್ತರಪತ್ರಿಕೆ ತಿದ್ದುವ ಮೇಡಂ ಥರ ಹುಬ್ಬು ಗಂಟಿಕ್ಕಿದ್ದಳು. ಹಾಡಿನ ಮೇಲೆ ಹಾಡು ಹೋಯಿತು; ಎಡಗೈ ಬಾರಿಸುವ ಸ್ನೇರ್ ಡ್ರಮ್ ಗಡಿಯಾರದ ಹಾಗಿತ್ತು.

“ಅಪ್ಪಾ, ಅಡಿಪೊಳಿ!” ಎಂದಳು ಮಗಳು ಐಶ್ವರ್ಯ. ಅಪ್ಪನನ್ನು ಹೊಗಳಲು ಅವಳಿಗೆ ಮಲಯಾಳವೇ ಬೇಕು.

ನಿರ್ಮಲ ಸೆರಗಿನಿಂದ ಕಣ್ಣೊತ್ತಿಕೊಂಡಳು. “ನಾನೇ ಸುಮ್ನೆ ಹೆದರಿಕೊಂಡಿದ್ದೆ. ಸೋತೆ, ಆಯ್ತಾ? ಬೀಗಬೇಡಿ.”

ಅವನು ಬೀಗುವುದರಲ್ಲಿದ್ದ. ಅಷ್ಟರಲ್ಲಿ ಕೊನೆಯ ಹಾಡು, ಆ ಚರಣ ಬಂತು. ವೇದಿಕೆಯ ನೆಲದ ಮೇಲೆ ಬಿದ್ದಿದ್ದ ಸ್ಟಿಕ್ಕು ಬಾರಿಸುತ್ತಲೇ ಇತ್ತು.

ಮರುದಿನ ಕಳಕ್ಕೂಟಂಗೆ, ಅಶ್ರಫನ ಹತ್ತಿರ ಹೋದ.

“ಎಂತ ಸರ್, ಚಂದ ಬರ್ಲಿಲ್ವಾ?”

“ಸ್ಟಿಕ್ ಬಿದ್ದೋಗಿತ್ತು ಕಣೋ. ಅಲ್ಲಿ ಬಾರಿಸಿದೋರು ಯಾರು?”

“ನೀವೇ ಸರ್. ಮೊದಲನೇ ಹಾಡಿನ ಏಟು ತೆಗೆದು ಅಲ್ಲಿ ಅಂಟಿಸಿದ್ದು. ಲೈವ್ ಅಂತ ಬರೆಯೋದು ಕವರಿನ ಮೇಲೆ ಮಾತ್ರ ಮಾರಾಯ್ರೆ. ಜಾಯ್ಸಕ್ಕನ ಗಂಟಲಿಗೂ ತೇಪೆ ಉಂಟು. ಹೇಳ್ಬೇಡಿ, ನನ್ನ ಕೊಂದೇ ಬಿಡ್ತಾರೆ.”

“ತಿದ್ದದೇ ಇರೋದು ಹಾಕು.”

“ಬೇಡ ಸರ್.”

“ಹಾಕೋ.”

ಅಶ್ರಫ್ ಉಳಿದದ್ದೆಲ್ಲ ನಿಲ್ಲಿಸಿ ಸ್ನೇರ್ ಒಂದನ್ನೇ ಹಾಕಿದ. ಮೊದಮೊದಲು ಸರಿಯಿತ್ತು. ಆಮೇಲೆ ಏಟುಗಳು ತಡವಾದವು, ತೆಳುವಾದವು, ಬಾಗಿಲು ತಟ್ಟಲು ಸಂಕೋಚಪಡುವ ನೆಂಟನ ಹಾಗೆ. ಆಮೇಲೆ ಏನೂ ಇಲ್ಲ. ತಾಳ ತಪ್ಪಿದ ತಂಡದವರನ್ನು ‘ತಾಳಿದವನು ಬಾಳಿಯಾನು’ ಎಂದು ಛೇಡಿಸುತ್ತಿದ್ದ ಶ್ರೀಕಂಠ ಅದನ್ನೇ ಮತ್ತೊಮ್ಮೆ ಹಾಕಿಸಿದ.

“ಈ ಸಲ ಮಾತ್ರಾನಾ?”

ಅಶ್ರಫ್ ಪರದೆಯನ್ನೇ ನೋಡುತ್ತಿದ್ದ. “ಹೋದ ವರ್ಷ ಇಲ್ಲಿ ತಿರುವನಂತಪುರದಲ್ಲಿ ಮಾಡಿದ್ದರಲ್ಲೂ ಸ್ವಲ್ಪ ಇತ್ತು. ಪ್ರಾಯ ಆಯ್ತಲ್ಲ ಅಂತ ಗ್ರಹಿಸಿದೆ. ನಿಮಗೆ ಬೇಜಾರಾಗ್ಬಾರ್ದು ಅಂತ ಸರಿ ಮಾಡಿ ಕೊಟ್ಟೆ ಸರ್.”

ಆ ರೆಕಾರ್ಡಿಂಗನ್ನು ಶ್ರೀಕಂಠ ವರ್ಷವಿಡೀ ಕಾರಿನಲ್ಲಿ ಹಾಕಿಕೊಂಡು ಓಡಾಡಿದ್ದ. ‘ಕೈ ಇನ್ನೂ ಇದೆ’ ಎಂದು ಸಿಗ್ನಲ್ಲುಗಳಲ್ಲಿ ಸ್ಟೀರಿಂಗ್ ಬಡಿದಿದ್ದ.

ಮನೆಯಲ್ಲಿ ನಿರ್ಮಲ ಹೊಸ ಆಲ್ಬಮ್ಮನ್ನು ಮೈಸೂರಿನ ತಂಗಿಗೆ ಕಳಿಸಿ ಫೋನಿನಲ್ಲಿ ನಗುತ್ತಿದ್ದಳು. ಅಷ್ಟು ಹಗುರವಾಗಿ ನಕ್ಕು ಎಷ್ಟೋ ದಿನವಾಗಿತ್ತು. ಸುಮ್ಮನಿದ್ದರೆ ಪಣ ಗೆದ್ದ ಹಾಗೇ. ಅವಳು ಮತ್ತೆ ಕೇಳುವವಳಲ್ಲ, ಮಾತಿಗೆ ತಪ್ಪುವವಳಲ್ಲ. ಅವನು ಕಾಫಿ ಕುಡಿದ, ಲೋಟ ತೊಳೆದ, ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದ.

“ನಿರ್ಮಲಾ, ಉಳ್ಳೂರಿಗೆ ಹೋಗೋಣ.”

“ಯಾಕ್ರೀ? ಸೋತೋಳು ನಾನಲ್ವಾ?”

“ಅದನ್ನ ಬಾರಿಸಿದ್ದು ನಾನಲ್ಲ ಕಣೆ,” ಎಂದು ಸ್ಟಿಕ್ ಬಿದ್ದದ್ದು, ಅಶ್ರಫ್ ಅಂಟಿಸಿದ್ದು ಎರಡನ್ನೂ ಹೇಳಿದ. ಹೋದ ವರ್ಷದ್ದನ್ನು ಹೇಳಲು ಬಾಯಿ ಬರಲಿಲ್ಲ.

ಉಳ್ಳೂರಿನ ಡಾಕ್ಟರು ಹೆಬ್ಬೆರಳಿಗೆ ತೋರುಬೆರಳು ತಟ್ಟಿಸಿದರು. ಬಲಗೈ ಚಕಚಕನೆ ತಟ್ಟಿತು. ಎಡಗೈಯ ತಟ್ಟು ಕಿರಿದಾಗುತ್ತಾ ಹೋಗಿ ನಡುವೆಯೇ ನಿಂತಿತು. ಪಾರ್ಕಿನ್ಸನ್ಸ್ ಇರಬೇಕು ಎಂದರು. ಮಾತ್ರೆಯಿಂದ ಹಿಡಿತಕ್ಕೆ ಬರುತ್ತದೆ, ಗುಣವಾಗುವುದಿಲ್ಲ. “ತುಡಂಗಿಯಿಟ್ಟ್ ಎತ್ರ ನಾಳಾಯಿ?” ಶುರುವಾಗಿ ಎಷ್ಟು ದಿನವಾಯಿತೆಂದು ಕೇಳಿದರು.

“ಎರಡು ತಿಂಗಳು,” ಎಂದಳು ನಿರ್ಮಲ.

“ಒಂದು ವರ್ಷ,” ಎಂದ ಶ್ರೀಕಂಠ.

ಡಾಕ್ಟರು ಅವನು ಹೇಳಿದ್ದನ್ನೇ ಬರೆದುಕೊಂಡರು. ನಿರ್ಮಲ ಅವನ ಕಡೆ ತಿರುಗಿದಳು. ಅವನು ಗೋಡೆಯ ಕಡೆ ತಿರುಗಿದ.