ಎಪ್ಪತ್ತನಾಲ್ಕನೆಯ ನಂಬ್ರದ ಪುಸ್ತಕ

೧೯೫೮ನೆಯ ಇಸವಿ, ನವರಾತ್ರಿಗೆ ಮುಂಚಿನ ಆದಿತ್ಯವಾರ, ಬೆಳಿಗ್ಗೆ ಎಂಟೂವರೆ ಗಂಟೆ. ಸ್ಥಳ, ಸಿದ್ಧಕಟ್ಟೆಯ ನಮ್ಮ ವಾಚನಾಲಯದ ಅಂಗಳ. ಹಾಜರಿದ್ದವರು ನಾನು, ಬಸ್ಸಿನ ಏಜೆಂಟ್ ಶೀನಪ್ಪ, ಮತ್ತು ಯಾರೂ ಕರೆಯದೆ ಬಂದು ಕೊನೆಯವರೆಗೂ ಇದ್ದ ಪಕ್ಕದ ಮನೆಯ ಒಂದು ಹುಂಜ. ಕೆಲಸ, ಮಳೆಗಾಲವಿಡೀ ಕಪಾಟಿನೊಳಗೆ ಬೆವರಿದ ಪುಸ್ತಕಗಳನ್ನು ಚಾಪೆಯ ಮೇಲೆ ಹರಡಿ ಬಿಸಿಲು ಕಾಣಿಸುವುದು.

ಇಷ್ಟನ್ನು ಬರೆದುಕೊಳ್ಳದೆ ಯಾವ ಸಂಗತಿಯನ್ನೂ ಆರಂಭಿಸಲು ನನಗೆ ಬರುವುದಿಲ್ಲ. ನಾನು ಬೆಳೆದದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಒಂದು ವಿದ್ಯಾರ್ಥಿನಿಲಯದಲ್ಲಿ. ಅಲ್ಲಿ ಕಥೆ ಓದುವುದಕ್ಕೂ ಸಮಯ ಗೊತ್ತುಮಾಡಿದ್ದರು: ಆದಿತ್ಯವಾರ ನಾಲ್ಕರಿಂದ ಐದು. ಐದು ಹೊಡೆದಾಗ ರಾಜಕುಮಾರ ಹುಲಿಯ ಎದುರಿಗೆ ನಿಂತಿದ್ದರೂ ಪುಸ್ತಕ ಮುಚ್ಚಬೇಕು. ಹುಲಿ ಮುಂದಿನ ಆದಿತ್ಯವಾರದವರೆಗೆ ಬಾಯಿ ತೆರೆದುಕೊಂಡೇ ಕಾಯುತ್ತಿತ್ತು. ಹಾಗೆ ಬೆಳೆದು ಶಾಲೆಯ ಮಾಸ್ತರನಾದವನ ಕೈಗೆ ಒಂದು ವಾಚನಾಲಯ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ ಸಿದ್ಧಕಟ್ಟೆಯೇ ಸಾಕ್ಷಿ.

ವಾಚನಾಲಯ ಎಂದರೆ ದೊಡ್ಡ ಕಟ್ಟಡವನ್ನು ಊಹಿಸಬೇಡಿ. ಒಂದು ಜೀನಸಿನ ಅಂಗಡಿಯ ಹಿಂದಿನ ಕೋಣೆ, ಒಂದು ಕಪಾಟು, ಒಂದು ಬೆಂಚು. ಮೊದಲ ತಿಂಗಳಲ್ಲೇ ಜಗಳವಾಯಿತು. ಸದಸ್ಯರೆಲ್ಲರಿಗೂ ಬೇಕಾದದ್ದು ನಾಲ್ಕೇ ನಾಲ್ಕು ಪತ್ತೇದಾರಿ ಕಾದಂಬರಿಗಳು. ಉಳಿದವನ್ನು ಮುಟ್ಟುವವರಿಲ್ಲ. ನಾನು ಒಂದು ನಿಯಮ ಮಾಡಿದೆ. ಪುಸ್ತಕಗಳಿಗೆ, ಅವು ಬಂದ ದಿನದ ಪ್ರಕಾರ, ಕ್ರಮವಾಗಿ ನಂಬ್ರ. ಸದಸ್ಯರು ವಾರಕ್ಕೊಂದು ಪುಸ್ತಕವನ್ನು ನಂಬ್ರದ ಪ್ರಕಾರವೇ ಒಯ್ಯಬೇಕು. ಇಪ್ಪತ್ತು ಓದಿದವನಿಗೆ ಇಪ್ಪತ್ತೊಂದು. ಆರಿಸುವಂತಿಲ್ಲ, ಹಾರಿಸುವಂತಿಲ್ಲ. ಬಡಿಸಿದ್ದನ್ನು ಉಣ್ಣಬೇಕು.

ಇದರಿಂದ ಶೀನಪ್ಪನಂಥವರಿಗೆ ಬಹಳ ಕಷ್ಟವಾಯಿತು. ಪತ್ತೇದಾರಿ ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದಿ, ಅಪರಾಧಿಯ ಪರಿಚಯ ಮಾಡಿಕೊಂಡ ಮೇಲೆಯೇ ನಿಶ್ಚಿಂತೆಯಿಂದ ಕಥೆ ಆರಂಭಿಸುವ ಮನುಷ್ಯ ಅವನು. ಅವನ ಪಾಲಿಗೆ ದನಕರುಗಳ ರೋಗಗಳ ಕುರಿತ ಪುಸ್ತಕ ಬಂತು. ಎರಡೇ ದಿನದಲ್ಲಿ ಹಿಂದಕ್ಕೆ ತಂದ. “ಇದೆಂತ ಪುಸ್ತಕ ಮಾಸ್ಟ್ರೇ? ರೋಗ ಬರುವುದು ಒಂದು ಹುಳದಿಂದ ಅಂತ ಮೊದಲನೇ ಗೆರೆಯಲ್ಲೇ ಹೇಳಿಬಿಟ್ಟಿದ್ದಾರೆ. ಮತ್ತೆ ಓದುವುದು ಯಾಕೆ?” ಎಂದು ಕೇಳಿದ.

ನಿಯಮ ಇಷ್ಟಕ್ಕೇ ನಿಲ್ಲಲಿಲ್ಲ. ರಿಜಿಸ್ಟರಿನಲ್ಲಿ ಪುಸ್ತಕದ ನಂಬ್ರ, ಒಯ್ದವರ ಹೆಸರು, ಒಯ್ದ ದಿನ, ಹಿಂದಿರುಗಿಸಿದ ದಿನ, ಇಷ್ಟರ ಜೊತೆಗೆ ಇನ್ನೊಂದು ಕಾಲಂ ಎಳೆದೆ: “ಓದಿನಿಂದಾದ ಪ್ರಯೋಜನ”. ಪುಸ್ತಕ ತಂದುಕೊಡುವಾಗ ಅಲ್ಲಿ ಒಂದು ವಾಕ್ಯ ಬರೆಯಬೇಕು. ನನ್ನ ಲೆಕ್ಕದಲ್ಲಿ ಪುಸ್ತಕವೆಂದರೆ ಕಂಪೌಂಡರನ ಮದ್ದಿನ ಬಾಟಲಿ. ಚರಿತ್ರೆ ಓದಿದವನಿಗೆ ವಿವೇಕ, ವಿಜ್ಞಾನ ಓದಿದವನಿಗೆ ತಿಳಿವಳಿಕೆ, ಗಣಿತ ಓದಿದವನಿಗೆ ಶಿಸ್ತು ಬರಲೇಬೇಕು. ಕಾದಂಬರಿಯ ಬಾಟಲಿಗೆ ಯಾವ ಚೀಟಿ ಅಂಟಿಸುವುದೆಂದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ.

ಸದಸ್ಯರು ಪ್ರಾಮಾಣಿಕರು. ದನಗಳ ಪುಸ್ತಕದ ಎದುರು ಶೀನಪ್ಪ “ನನ್ನಲ್ಲಿ ದನ ಇಲ್ಲ” ಎಂದು ಬರೆದ. ವೇದಾಂತದ ಪುಸ್ತಕಕ್ಕೆ “ನಿದ್ದೆ ಚೆನ್ನಾಗಿ ಬಂತು” ಎಂದು ಬರೆದ. ಓದಿ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ವೇದಾಂತದಿಂದ ನೆಮ್ಮದಿ ಸಿಗುತ್ತದೆಂದು ದೊಡ್ಡವರೂ ಹೇಳುತ್ತಾರಲ್ಲ ಎನ್ನಿಸಿ ಸುಮ್ಮನಾದೆ.

ನನಗೆ ಹೆಚ್ಚು ತಲೆನೋವಾದದ್ದು ಗುಲಾಬಿಯ ಬರಹ. ಗುಲಾಬಿ ಬೀಡಿ ಕಟ್ಟುವವಳು, ಆರನೆಯ ಕ್ಲಾಸಿನವರೆಗೆ ನನ್ನ ಹತ್ತಿರವೇ ಕಲಿತವಳು. ಅವಳ ಜಗಲಿಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನೆರೆಮನೆಯ ಇಬ್ಬರು ಹೆಂಗಸರು ಎಲೆ, ಹೊಗೆಸೊಪ್ಪು ತುಂಬಿದ ಗೆರಸೆ ಹಿಡಿದು ಕೂರುತ್ತಿದ್ದರು. ಗುಲಾಬಿ ಓದುವುದು, ಉಳಿದವರು ಕೇಳುತ್ತಾ ಬೀಡಿ ಕಟ್ಟುವುದು, ಅವಳು ಓದಿದ್ದರಿಂದ ಕಡಿಮೆಯಾದ ಬೀಡಿಯನ್ನೂ ಅವರೇ ಕಟ್ಟಿಕೊಡುವುದು, ಇದು ಅಲ್ಲಿಯ ಏರ್ಪಾಡು. ಕೇಳುವವರಲ್ಲಿ ಮುಖ್ಯಸ್ಥೆ ಅವಳ ಅತ್ತೆ ದುಗ್ಗಮ್ಮ. ಎರಡು ಕಣ್ಣಿಗೂ ಪೊರೆ ಬಂದು ಏನೂ ಕಾಣದು. ತುಳು ಬಿಟ್ಟು ಬೇರೆ ಬಾರದು. ಗುಲಾಬಿ ಒಂದು ಪುಟ ಕನ್ನಡದಲ್ಲಿ ಓದಿ, ಅದನ್ನು ತುಳುವಿನಲ್ಲಿ ಹೇಳಿ, ಮುಂದಿನ ಪುಟಕ್ಕೆ ಹೋಗುತ್ತಿದ್ದಳು.

ಆ ವರ್ಷದ ಮಕರ ಸಂಕ್ರಾಂತಿಯ ಹೊತ್ತಿಗೆ ಗುಲಾಬಿಗೆ ಮೂವತ್ತೊಂದನೆಯ ನಂಬ್ರ ಬಂತು. ಅದು ಒಂದು ಕಾದಂಬರಿಯ ಮೊದಲನೆಯ ಭಾಗ. ಕಮಲಾಕ್ಷಿ ಎಂಬ ಹೆಣ್ಣುಮಗಳು ಮನೆಯವರ ಮೇಲೆ ಸಿಟ್ಟು ಮಾಡಿಕೊಂಡು ನಸುಕಿನಲ್ಲಿ ಹೊರಟು, ತುಂಬಿದ ಹೊಳೆಯಲ್ಲಿ ದೋಣಿ ಹತ್ತುತ್ತಾಳೆ. ನಡುನೀರಿನಲ್ಲಿ ಅಂಬಿಗ ದೋಣಿ ನೂಕುವ ಬಿದಿರಿನ ಜಲ್ಲೆ ಮುರಿಯುತ್ತದೆ. ಮೊದಲನೆಯ ಭಾಗ ಮುಗಿಯಿತು.

ಮರುದಿನ ಶಾಲೆ ಬಿಡುವ ಮೊದಲೇ ಗುಲಾಬಿ ಬಂದು ನಿಂತಿದ್ದಳು.

“ಎರಡನೇ ಭಾಗ ಉಂಟಾ ಮಾಸ್ಟ್ರೇ?”

“ಉಂಟು. ಎಪ್ಪತ್ತನಾಲ್ಕು.”

“ನನಗೆ ಈಗ ಬರುವುದು?”

“ಮೂವತ್ತೆರಡು.”

ಇದು ನನ್ನ ಕ್ರಮದ ಫಲ. ಮೊದಲನೆಯ ಭಾಗವನ್ನು ನಾವು ಮೂಡುಬಿದಿರೆಯಲ್ಲಿ ಕೊಂಡಿದ್ದೆವು. ಎರಡನೆಯದು, ಬೆಳ್ತಂಗಡಿಯಿಂದ ವರ್ಗವಾಗಿ ಹೋಗುವಾಗ ಕೋರ್ಟಿನ ಒಬ್ಬ ಅಮೀನರು ದಾನ ಕೊಟ್ಟ ಕಟ್ಟಿನಲ್ಲಿ ಆಮೇಲೆ ಬಂದದ್ದು. ಬಂದ ದಿನದ ಪ್ರಕಾರ ನಂಬ್ರ ಕೊಟ್ಟೆ. ಮುರಿದ ಜಲ್ಲೆಗೂ ಆಚೆ ದಡಕ್ಕೂ ನಡುವೆ ನಲವತ್ತೆರಡು ಪುಸ್ತಕಗಳು ಬಿದ್ದವು.

“ಅತ್ತೆಗೆ ಎಂಬತ್ತು ದಾಟಿತು ಮಾಸ್ಟ್ರೇ. ರಾತ್ರಿಯಿಡೀ ಅದನ್ನೇ ಕೇಳ್ತಾರೆ, ಅವಳು ಬದುಕಿದಳಾ ಇಲ್ಲವಾ ಅಂತ. ಅಷ್ಟು ಸಮಯ ಅವರಿಗೆ ಉಂಟೋ ಇಲ್ಲವೋ.”

“ವಯಸ್ಸಿನ ಪ್ರಕಾರ ಪುಸ್ತಕ ಕೊಡುವ ನಿಯಮ ಇಲ್ಲ, ಗುಲಾಬಿ” ಎಂದೆ.

ಹೌದು, ಹಾಗೆಯೇ ಹೇಳಿದೆ. ಈಗ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ, ಆದರೆ ಹೇಳಿದ್ದು ಹೇಳಿದ್ದೇ. ಅವಳು ಮೂವತ್ತೆರಡನ್ನು ಒಯ್ದಳು. ಅದು ಉಪ್ಪಿನಕಾಯಿಯ ಪುಸ್ತಕ.

ಆ ಮೇಲೆ ಅವಳು ರಿಜಿಸ್ಟರಿನಲ್ಲಿ ಬರೆಯುತ್ತಿದ್ದದ್ದು ನನಗೆ ಅರ್ಥವೇ ಆಗುತ್ತಿರಲಿಲ್ಲ. ಅಂಕಗಣಿತದ ಪುಸ್ತಕದ ಎದುರು, ಪ್ರಯೋಜನದ ಕಾಲಮಿನಲ್ಲಿ, “ದೋಣಿ ದಡ ಸೇರಿತು”. ನಕ್ಷತ್ರಗಳ ಪುಸ್ತಕಕ್ಕೆ “ದಿಕ್ಕು ಸಿಕ್ಕಿತು”. ಶೀನಪ್ಪ ಬೈದ ದನಗಳ ಪುಸ್ತಕಕ್ಕೆ “ಆ ಮನೆಯವರು ಇರು ಎಂದರು”. ನಾನು ಪ್ರತಿಯೊಂದಕ್ಕೂ ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾ ಬಂದೆ. ಜಾಣ ಹುಡುಗಿ, ಬೀಡಿ ಕಟ್ಟಿ ಕಟ್ಟಿ ಬರವಣಿಗೆ ಕೆಟ್ಟಿತು ಎಂದು ಮರುಕಪಟ್ಟೆ.

ಈಗ ಅಂಗಳಕ್ಕೆ ಹಿಂದಿರುಗೋಣ. ಹತ್ತು ಗಂಟೆಯ ಹೊತ್ತಿಗೆ ಕಪಾಟಿನ ಕೆಳಗಿನ ತಟ್ಟಿಗೆ ಬಂದೆವು. ಅಮೀನರ ಕಟ್ಟು ಅಲ್ಲಿ, ಮಣ್ಣಿನ ಗೋಡೆಗೆ ತಾಗಿ ಇತ್ತು. ಎಪ್ಪತ್ತರಿಂದ ಆಚೆಗೆ ಯಾವ ಸದಸ್ಯರೂ ತಲಪಿರಲಿಲ್ಲ. ಶೀನಪ್ಪ ಎಪ್ಪತ್ತನಾಲ್ಕನ್ನು ಎಳೆದ. ರಟ್ಟು ಸರಿಯಾಗಿತ್ತು, ಬೆನ್ನಿನ ಮೇಲೆ ನಾನು ಬರೆದ ನಂಬ್ರವೂ ಮುದ್ದಾಗಿತ್ತು. ತೆರೆದರೆ ಒಳಗೆ ಪುಟಗಳಿಲ್ಲ, ಕೆಂಪು ಮಣ್ಣು. ನಾಲ್ಕಾರು ಬಿಳಿ ಹುಳಗಳು ಬೆಳಕಿಗೆ ಬೆದರಿ ಓಡಿದವು. ಗೆದ್ದಲು ಎಪ್ಪತ್ತಮೂರರ ರಟ್ಟನ್ನು ಮಾತ್ರ ನೆಕ್ಕಿ ಬಿಟ್ಟಿತ್ತು. ಎಪ್ಪತ್ತೈದನ್ನು ಅರ್ಧಕ್ಕೆ ನಿಲ್ಲಿಸಿತ್ತು. ಎರಡನೆಯ ಭಾಗವನ್ನು ಪೂರ್ತಿ ಓದಿತ್ತು.

ಇಡೀ ಊರಿನಲ್ಲಿ ನನ್ನ ನಿಯಮವನ್ನು ಮುರಿದದ್ದು ಗೆದ್ದಲು ಒಂದೇ. ಯಾರಾದರೂ ಆಗಾಗ ಮುಟ್ಟುವ ಪುಸ್ತಕಕ್ಕೆ ಅದು ಬರುವುದಿಲ್ಲ. ಯಾರೂ ಮುಟ್ಟದಂತೆ ನೋಡಿಕೊಂಡವನು ನಾನು. ಹುಂಜ ಬಂದು ಬಿದ್ದ ಹುಳಗಳನ್ನು ಒಂದೊಂದಾಗಿ, ಕ್ರಮವಾಗಿ, ಹೆಕ್ಕತೊಡಗಿತು.

ಶೀನಪ್ಪ ಮಣ್ಣು ತುಂಬಿದ ರಟ್ಟನ್ನು ಚಾಪೆಯ ಮೇಲಿಟ್ಟ. “ಗುಲಾಬಿ ಎಷ್ಟಕ್ಕೆ ಬಂದಿದ್ದಾಳೆ?” ಎಂದು ಕೇಳಿದ.

“ಅರವತ್ತೆಂಟು.”

“ಇನ್ನು ಐದು ಪುಸ್ತಕ ಅಷ್ಟೇ ಬಾಕಿ. ಆ ಅಜ್ಜಿಗೆ ಹೇಳುವುದು ಯಾರು?”

“ನಾನೇ.”

“ಹಾಗಾದರೆ ಕೊಡೆ ಹಿಡ್ಕೊಳ್ಳಿ ಮಾಸ್ಟ್ರೇ. ಬಿಸಿಲಿಗಲ್ಲ, ಏನಾದರೂ ಬಿಸಾಡಿದರೆ ಬೇಕಾಗ್ತದೆ.”

ಪುಸ್ತಕಗಳನ್ನು ಮಗುಚಿ, ಧೂಳು ಹೊಡೆದು, ಕಹಿಬೇವಿನ ಎಲೆ ಇಟ್ಟು ಕಪಾಟಿಗೆ ಸೇರಿಸುವಾಗ ನಾಲ್ಕು ಗಂಟೆ. ಅಂದು ಕೆಲಸ ಮಾಡಿದ್ದು ನನ್ನ ಕೈ ಮಾತ್ರ, ಮನಸ್ಸು ಎಪ್ಪತ್ತನಾಲ್ಕರಲ್ಲೇ ಇತ್ತು. ಎರಡನೆಯ ಭಾಗದ ಕಥೆಯನ್ನು ಬಾಯಲ್ಲಾದರೂ ಹೇಳುವ ದಾರಿಯೂ ನನಗೆ ಇರಲಿಲ್ಲ, ಯಾಕೆಂದರೆ ನಾನೂ ನಂಬ್ರದ ಪ್ರಕಾರವೇ ಓದುವವನು. ನಾನು ಇದ್ದದ್ದು ಅರವತ್ತೊಂದರಲ್ಲಿ.

“ನಾನೂ ಬರ್ತೇನೆ, ಹೋಗುವ” ಎಂದು ಶೀನಪ್ಪ ಹೊರಟ. ಗುಲಾಬಿಯ ಜಗಲಿಯಲ್ಲಿ ಅವಳೂ ಅತ್ತೆಯೂ ಇದ್ದರು. ದುಗ್ಗಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದರು. ನಾನು ಕುಳಿತುಕೊಳ್ಳದೆ, ತರಗತಿಯಲ್ಲಿ ತಪ್ಪು ಮಾಡಿದ ಹುಡುಗ ನಿಲ್ಲುವ ಹಾಗೆ ನಿಂತು, ನಡೆದದ್ದನ್ನು ಹೇಳಿದೆ. ಸಂಕ್ರಾಂತಿಯ ದಿನವೇ ಕೊಟ್ಟಿದ್ದರೆ ಪುಸ್ತಕ ಉಳಿಯುತ್ತಿತ್ತು, ತಪ್ಪು ನನ್ನದು ಎಂದೂ ಹೇಳಿದೆ. ದುಗ್ಗಮ್ಮ ತುಳುವಿನಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅದರಲ್ಲಿ ಅವಳು ಬದುಕಿದ್ದಳಾ ಮಾಸ್ಟ್ರೇ?”

“ಗೊತ್ತಿಲ್ಲ ದುಗ್ಗಮ್ಮ. ನಾನು ಓದಿಲ್ಲ.”

“ನೀವು ಸಹ ಓದಿಲ್ಲವಾ?” ಕಾಣದ ಕಣ್ಣುಗಳನ್ನು ನನ್ನತ್ತ ತಿರುಗಿಸಿದರು. “ಬೇಸರ ಇಲ್ಲ ಅಂತ ಹೇಳುವುದಿಲ್ಲ. ಬರೆದವನು ಅವಳನ್ನು ಎಂತ ಮಾಡಿದ ಅಂತ ಕೇಳುವ ಆಸೆ ಇತ್ತು. ಇರಲಿ. ಅವಳು ಈಗ ಫರಂಗಿಪೇಟೆಯಲ್ಲಿ ಇದ್ದಾಳೆ.”

ನಾನು ಗುಲಾಬಿಯ ಮುಖ ನೋಡಿದೆ. ಅವಳು ಗೆರಸೆಯ ಕಡೆಗೆ ತಲೆ ತಗ್ಗಿಸಿದಳು.

ದುಗ್ಗಮ್ಮ ಹೇಳಿದರು. ದೋಣಿ ಹೊರಟದ್ದು ಬಂಟ್ವಾಳದಲ್ಲಿ, ಹೊಳೆ ನೇತ್ರಾವತಿ. ಅಂಕಗಣಿತದಲ್ಲಿ ಪ್ರವಾಹದ ಜೊತೆ ಹೋಗುವ ದೋಣಿಯ ಲೆಕ್ಕ ಉಂಟಲ್ಲ, ಅದನ್ನು ಸೊಸೆಯಿಂದ ಮೂರು ಸಲ ಮಾಡಿಸಿ ನೋಡಿದರಂತೆ. ಜಲ್ಲೆ ಇಲ್ಲದಿದ್ದರೂ ದೋಣಿ ಕತ್ತಲಾಗುವ ಮೊದಲು ಫರಂಗಿಪೇಟೆಯ ಮರಳಿಗೆ ತಾಗಲೇಬೇಕು. ಕತ್ತಲಲ್ಲಿ ಧ್ರುವ ನಕ್ಷತ್ರ ನೋಡಿ ಕಮಲಾಕ್ಷಿ ಊರಿನ ದಿಕ್ಕು ಹಿಡಿದಳು. ಮೊದಲು ಸಿಕ್ಕಿದ ಮನೆಯಲ್ಲಿ ಒಂದು ದನ ಮೇವು ಬಿಟ್ಟು ಮಲಗಿತ್ತು. ಅದರ ಹೊಟ್ಟೆಯ ಹುಳಕ್ಕೆ ಮದ್ದು ಹೇಳಿದಳು, ದನ ಎದ್ದಿತು, ಮನೆಯವರು ಇರು ಎಂದರು. ಅಲ್ಲಿ ಉಪ್ಪಿನಕಾಯಿ ಹಾಕಿಕೊಂಡು ಇದ್ದಾಳೆ. ಪತ್ರಲೇಖನದ ಪುಸ್ತಕ ಬಂದ ವಾರ ಗಂಡನಿಗೆ ಕಾಗದವನ್ನೂ ಬರೆದಳು: “ಮಹಾಸ್ವಾಮಿಗಳೇ, ಈ ಕೆಳಗೆ ರುಜು ಮಾಡಿದವಳ ವಿಜ್ಞಾಪನೆ ಏನೆಂದರೆ.” ಅದಕ್ಕಿನ್ನೂ ಜವಾಬು ಬಂದಿಲ್ಲ.

“ಪತ್ತೇದಾರಿ ಪುಸ್ತಕದ ವಾರ ಎಂತಾಯ್ತು?” ಶೀನಪ್ಪನಿಗೆ ತಡೆಯಲಾಗಲಿಲ್ಲ.

“ಜಲ್ಲೆಯನ್ನು ಯಾರಾದರೂ ಕೊಯ್ದಿಟ್ಟಿದ್ದರಾ ಅಂತ ಸಂಶಯ ಬಂತು. ಮೂರು ದಿನ ಅವಳ ಮೈದುನನ ಮೇಲೆ ಇತ್ತು. ಮತ್ತೆ ವೇದಾಂತದ ಪುಸ್ತಕ ಬಂತು, ಬಿಟ್ಟುಬಿಟ್ಟೆ.”

ನನ್ನ ಕೆಂಪು ಪ್ರಶ್ನಾರ್ಥಕ ಚಿಹ್ನೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಮೂವತ್ತೇಳು ವಾರ ನಾನು ಕೇಳಿದ ಪ್ರಶ್ನೆಗೆ ಗುಲಾಬಿ ನೇರವಾದ ಉತ್ತರವನ್ನೇ ಬರೆದಿದ್ದಳು. ಬಾಟಲಿಗೊಂದು ಚೀಟಿ ಅಂಟಿಸಿದವನಿಗೆ, ಕುಡಿದವರ ಹೊಟ್ಟೆಯಲ್ಲಿ ಎಲ್ಲ ಒಂದೇ ನೀರಾಗುತ್ತದೆ ಎಂಬುದು ಹೊಳೆದಿರಲಿಲ್ಲ. ಚರಿತ್ರೆ ಓದಿದವರಿಗೆ ಚರಿತ್ರೆಯೇ ಸಿಗಬೇಕೆಂದು ಹಟ ಹಿಡಿದದ್ದು ನಾನೊಬ್ಬನೇ. ಓದುವವರು ತಮಗೆ ಯಾವ ದೋಣಿ ಬಾಕಿ ಇದೆಯೋ ಅದನ್ನು ದಡಕ್ಕೆ ತರಲು ಸಿಕ್ಕಿದ್ದನ್ನೆಲ್ಲ ಜಲ್ಲೆ ಮಾಡಿಕೊಳ್ಳುತ್ತಾರೆ.

“ಬಾಕಿ ಐದು ಪುಸ್ತಕ ಎಂಥದ್ದು ಮಾಸ್ಟ್ರೇ?” ದುಗ್ಗಮ್ಮ ಕೇಳಿದರು. “ಅವಳು ಹಿಂದೆ ಬರಬೇಕಲ್ಲ.”

ಹೇಳಿದೆ. ಅರವತ್ತೊಂಬತ್ತು ತೆಂಗಿನ ಕೃಷಿ. ಎಪ್ಪತ್ತು ಕಾಶಿಯಾತ್ರೆ.

“ಕಾಶಿ ಬೇಡ. ಅಷ್ಟು ದೂರ ಹೋದರೆ ಮತ್ತೆ ತರುವುದು ಕಷ್ಟ.”

“ಅಜ್ಜಿ, ಫರಂಗಿಪೇಟೆಯಿಂದ ಬಂಟ್ವಾಳಕ್ಕೆ ಬೆಳಿಗ್ಗೆ ಬಸ್ಸು ಉಂಟು” ಎಂದ ಶೀನಪ್ಪ. “ಎದುರಿನ ಸೀಟು ನಾನೇ ಮಾಡಿಕೊಡ್ತೇನೆ.”

“ಅವಳ ಕಾಲದಲ್ಲಿ ಬಸ್ಸೆಲ್ಲಿ ಇತ್ತು ಮಾರಾಯ? ಬುದ್ಧಿ ಇಲ್ಲದವನ ಹಾಗೆ ಮಾತಾಡಬೇಡ.”

“ನಿಮಗೆ ಯಾವುದು ಬೇಕೋ ಅದನ್ನು ಗುಲಾಬಿ ನಾಳೆ ಬಂದು ಆರಿಸಿಕೊಳ್ಳಲಿ” ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದನ್ನು ಕೇಳಿ ಶೀನಪ್ಪ ನನ್ನ ಹಣೆ ಮುಟ್ಟಿ ನೋಡುವವನಂತೆ ಹತ್ತಿರ ಬಂದ. ದುಗ್ಗಮ್ಮ ಮಾತ್ರ ತಲೆ ಆಡಿಸಿದರು. “ಬೇಡ ಮಾಸ್ಟ್ರೇ. ಸರತಿಯಲ್ಲೇ ಬರಲಿ. ಮುಂದೆ ಎಂತ ಬರ್ತದೆ ಅಂತ ಗೊತ್ತಾದರೆ ಅವಳಿಗೆ ದಾರಿ ಸಿಗುವುದಿಲ್ಲ.”

ನಾನು ವಾಚನಾಲಯಕ್ಕೆ ಹಿಂದಿರುಗಿದಾಗ ಆರೂ ಮುಕ್ಕಾಲು. ಲಾಟೀನು ಹಚ್ಚಿ ರಿಜಿಸ್ಟರು ತೆರೆದೆ. ಗುಲಾಬಿಯ ಬರಹದ ಪಕ್ಕದ ಕೆಂಪು ಚಿಹ್ನೆಗಳನ್ನು ಬ್ಲೇಡಿನಿಂದ ಹೆರೆದೆ. ಶಾಯಿ ಪೂರ್ತಿ ಹೋಗಲಿಲ್ಲ, ಕಾಗದ ಅಲ್ಲಲ್ಲಿ ತೆಳುವಾಯಿತು. ಕೊನೆಯಲ್ಲಿ ಎಪ್ಪತ್ತನಾಲ್ಕನೆಯ ನಂಬ್ರದ ಲೆಕ್ಕ ಬಾಕಿ ಇತ್ತು. ಹಾಳಾದ ಪುಸ್ತಕದ ಎದುರು “ಗೆದ್ದಲು ತಿಂದಿದೆ, ರದ್ದು” ಎಂದು ಬರೆದು ಅಡ್ಡಗೆರೆ ಎಳೆಯಬೇಕು, ಅದು ಕ್ರಮ. ಲೇಖನಿ ಅದ್ದಿ, ಒಯ್ದವರ ಹೆಸರಿನ ಕಾಲಮಿನಲ್ಲಿ “ದುಗ್ಗಮ್ಮ” ಎಂದು ಬರೆದೆ. ಒಯ್ದ ದಿನ, ಮಕರ ಸಂಕ್ರಾಂತಿ. ಹಿಂದಿರುಗಿಸಿದ ದಿನದ ಜಾಗವನ್ನು ಖಾಲಿ ಬಿಟ್ಟೆ. ಶಾಯಿ ಆರುವವರೆಗೆ ಕಾದು, ರಿಜಿಸ್ಟರು ಮುಚ್ಚಿ, ಕಪಾಟಿಗೆ ಬೀಗ ಹಾಕಿದೆ. ಗಂಟೆ ಏಳೂ ಹತ್ತು.