ಬಿರುಗಾಳಿಯ ಗೆರೆ ಬಲ್ಲವರು

ಜಮಖಂಡಿಯ ನಮ್ಮ ಕಾಲೇಜಿನಲ್ಲಿ ಭೂಮಿಯ ಕಾಂತಶಕ್ತಿಯ ಏರಿಳಿತ ಅಳೆಯುವ ಉಪಕರಣವನ್ನು ನೋಡಿಕೊಳ್ಳುತ್ತಿದ್ದವರು ಬನಹಟ್ಟಿಯ ನೇಕಾರ ಮನೆತನದ ಒಬ್ಬ ಹೆಣ್ಣುಮಗಳು. ಸೂರ್ಯನಿಂದಾಗಿ ಏಳುವ ಕಾಂತೀಯ ಬಿರುಗಾಳಿ ಎಷ್ಟು ಜೋರಾಗಿದೆ ಎಂದು ಮೂರು ತಾಸಿಗೊಮ್ಮೆ ಸೊನ್ನೆಯಿಂದ ಒಂಬತ್ತರೊಳಗೆ ಅಂಕ ಕೊಡುವುದು ಅವರ ಕೆಲಸ. ಸೀರೆಯ ಅಂಚು ನೋಡುವಂತೆ ಗ್ರಾಫಿನ ಗೆರೆಯ ಮೇಲೆ ಬೆರಳಾಡಿಸಿ, "ಗದ್ದಲ ಬ್ಯಾರೆ, ಬಿರುಗಾಳಿ ಬ್ಯಾರೆರಿ" ಎನ್ನುತ್ತಿದ್ದರು.

ಆ ಅಂಕವನ್ನು ಕಂಪ್ಯೂಟರೇ ಲೆಕ್ಕ ಹಾಕುವಂತೆ ಪ್ರೋಗ್ರಾಂ ಬರೆದವನು ನಾನು. ಮುಧೋಳದ ಕಡೆಗೆ ಕಬ್ಬಿನ ಟ್ರ್ಯಾಕ್ಟರ್ ಹಾದುಹೋದಾಗಲೆಲ್ಲ ಅದರ ಕಬ್ಬಿಣಕ್ಕೆ ಗೆರೆ ಜಿಗಿಯುತ್ತಿತ್ತು; ಅವರು ಗದ್ದಲ ಎನ್ನುತ್ತಿದ್ದುದು ಇದನ್ನೇ. ಹಾಗಾಗಿ ದಿಢೀರ್ ಜಿಗಿತಗಳನ್ನೆಲ್ಲ ಪ್ರೋಗ್ರಾಂ ಬಿಟ್ಟುಬಿಡುವಂತೆ ಮಾಡಿದ್ದೆ.

ಅದನ್ನು ಹಿರಿಯ ವಿಜ್ಞಾನಿಗಳಿಗೆ ತೋರಿಸಬೇಕಿದ್ದ ದಿನ ಗ್ರಾಫಿನ ಗೆರೆ ಜಿಗಿದಿದ್ದರೂ ಪರದೆಯ ಮೇಲೆ ಸೊನ್ನೆ ಇತ್ತು. ಆ ಹೆಣ್ಣುಮಗಳು ನನ್ನನ್ನು ಪಕ್ಕಕ್ಕೆ ಕರೆದರು.

"ಇದು ಬಿರುಗಾಳಿರಿ."

"ಟ್ರ್ಯಾಕ್ಟರ್ ಇರಬೇಕ್ರಿ," ಎಂದೆ.

"ಟ್ರ್ಯಾಕ್ಟರ್ ಹ್ವಾದ್ರ ಗೆರಿ ಇಳಿತೈತಿ. ಇದು ಇಳಿದಿಲ್ಲ. ಇಂಥದ್ದ ಉಪಕರಣ ಇರೋ ದೂರದ ಕೇಂದ್ರಕ್ಕ ಫೋನ್ ಮಾಡೇನಿ. ಅಲ್ಲೂ ಅದ ಹೊತ್ತಿಗಿ ಎದ್ದೈತಂತ."

ಒಂದೇ ಟ್ರ್ಯಾಕ್ಟರ್ ಎರಡು ಊರಲ್ಲಿ ಓಡಲಾರದು. ತಪ್ಪು ಒಪ್ಪಿಕೊಂಡು ಪ್ರದರ್ಶನ ಮುಂದೂಡಿದೆ. ಆಮೇಲೆ ಎರಡು ತಿಂಗಳು ಅವರು ಹಳೆಯ ಗ್ರಾಫುಗಳನ್ನು ಹರಡಿಕೊಂಡು ಒಂದೊಂದು ಜಿಗಿತವೂ ಏನೆಂದು ಹೇಳಿಕೊಟ್ಟರು; ಅದರಂತೆ ನಾನು ಪ್ರೋಗ್ರಾಂ ತಿದ್ದಿದೆ. ತಮ್ಮ ಕೆಲಸವನ್ನೇ ಯಂತ್ರಕ್ಕೆ ಕಲಿಸುತ್ತಿರುವುದು ಅವರಿಗೆ ಗೊತ್ತಿತ್ತು. ಆದರೂ ಏನನ್ನೂ ಮುಚ್ಚಿಡಲಿಲ್ಲ.

ನಿವೃತ್ತಿಯ ದಿನ ಕೊನೆಯ ಸಲ ಕೈಯಿಂದ ಲೆಕ್ಕ ಹಾಕಿದರು. ನಾಲ್ಕು ಬಂತು. ಪರದೆಯ ಮೇಲೂ ನಾಲ್ಕೇ ಇತ್ತು.

"ಛಲೋ ಆತು. ಇನ್ನ ನಾ ಬರತೇನ್ರಿ," ಎಂದು ಚೀಲ ಎತ್ತಿಕೊಂಡರು.

ಬಾಗಿ ಅವರ ಕಾಲು ಮುಟ್ಟಿದೆ.