ಮುಟ್ಟಬಾರದ ಹೊಟ್ಟೆ

ಸೊರಬ ತಾಲ್ಲೂಕಿನ ನಮ್ಮ ಜಡೆ ಊರಿನ ಸುತ್ತಮುತ್ತ ಭಾರ ಎತ್ತಿ ಹೊಟ್ಟೆನೋವು ಬಂದವರು ಮೊದಲು ಡಾಕ್ಟರ ಹತ್ತಿರ ಹೋಗುವುದಿಲ್ಲ. ಹೊಕ್ಕುಳ ಜಾಗ ಬಿಟ್ಟಿದೆ, ಬಟ್ಟಿ ಜರುಗಿದೆ ಎಂದುಕೊಂಡು ಅದನ್ನು ಕೂರಿಸುವವರ ಮನೆಗೆ ಹೋಗುತ್ತಾರೆ. ನಮ್ಮ ದೊಡ್ಡಮ್ಮ ಆ ಕೆಲಸವನ್ನು ಅತ್ತೆಯಿಂದ ಕಲಿತವಳು. ಬರಿಹೊಟ್ಟೆಯಲ್ಲಿ ಬಂದವರನ್ನು ಚಾಪೆಯ ಮೇಲೆ ಮಲಗಿಸಿ, ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಹೊಕ್ಕುಳ ಸುತ್ತ ನೀವಿ ಒತ್ತುತ್ತಿದ್ದಳು. ಈ ಕೆಲಸಕ್ಕೆ ಕೈಗುಣ ಬೇಕು ಎನ್ನುತ್ತಾರೆ. ಸ್ವಂತ ಹೊಟ್ಟೆ ಕೊಯ್ಸಿಕೊಂಡವರಿಗೆ ಆ ಗುಣ ಉಳಿಯುವುದಿಲ್ಲ ಎಂಬ ನಂಬಿಕೆಯೂ ಇದೆ.

ಅವಳ ಬಲ ಪಕ್ಕೆಲುಬಿನ ಕೆಳಗೇ ಒಂದು ಉಂಡೆ ಎದ್ದಿತು. ಯಾರಿಗೂ ಹೇಳಲಿಲ್ಲ. ಊಟ ಸೇರದಾದಾಗ ನಾನು ರಜೆ ಹಾಕಿ ಶಿಕಾರಿಪುರಕ್ಕೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆ. ಯಕೃತ್ತಿನಲ್ಲಿ ನೀರು ತುಂಬಿದ ದೊಡ್ಡ ಚೀಲ, ಅದರೊಳಗೆ ಮರಿಚೀಲಗಳು. ಶಿವಮೊಗ್ಗದ ಸರ್ಜನ್ ಚಿತ್ರ ನೋಡಿ ಹೈಡಾಟಿಡ್ ಎಂದರು. ನಾಯಿಯ ಕರುಳಿನಲ್ಲಿರುವ ಲಾಡಿಹುಳುವಿನ ಮೊಟ್ಟೆ ಮಣ್ಣಿಗೆ ಬಿದ್ದು, ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ನಮ್ಮೊಳಗೆ ಬಂದು, ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದಂತೆ.

"ಆಪರೇಷನ್ ಆಗೋವರೆಗೂ ಹೊಟ್ಟೆ ಯಾರೂ ಒತ್ತಬಾರದಮ್ಮಾ" ಎಂದರು. "ಚೀಲ ಒಡೆದರೆ ಅಲ್ಲೇ ಜೀವ ಹೋಗಬಹುದು. ಉಳಿದರೂ ಒಳಗೆಲ್ಲ ಚೆಲ್ಲಿ ಹತ್ತು ಕಡೆ ಬೆಳೆಯುತ್ತೆ."

"ನಾನೇ ಒತ್ತಿದೀನಲ್ಲ" ಎಂದಳು ದೊಡ್ಡಮ್ಮ.

"ಯಾವಾಗ?"

"ದಿನಾ."

ಅವರು ಪೆನ್ನು ಕೆಳಗಿಟ್ಟರು. "ಇನ್ನು ಮುಟ್ಟಬೇಡಿ."

ಆಪರೇಷನ್‌ಗೆ ಮುಂಚೆ ಕೆಲವು ವಾರ ಹುಳುವಿನ ಮಾತ್ರೆ ನುಂಗಬೇಕಿತ್ತು. ಆ ದಿನಗಳಲ್ಲಿ ದೊಡ್ಡಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂರುತ್ತಿದ್ದಳು. ನೋವು ಬಂದರೆ ಕೈ ತಾನಾಗಿಯೇ ಹೊಟ್ಟೆಗೆ ಹೋಗುತ್ತದೆ ಎಂಬ ಭಯ. ನಾನು ಹೋಗಿದ್ದ ಒಂದು ಮಧ್ಯಾಹ್ನ ನೋವು ಜೋರಾಯಿತು. ಪಕ್ಕದ ಮನೆಯಲ್ಲಿದ್ದ ಅವಳ ನಾದಿನಿ ಎಣ್ಣೆ ಬಿಸಿ ಮಾಡಿಕೊಂಡೇ ಬಂದಳು. ಅವಳಿಗೆ ಬಟ್ಟಿ ಕೂರಿಸುವುದನ್ನು ಕಲಿಸಿದವಳು ದೊಡ್ಡಮ್ಮನೇ.

"ಅರ್ಧ ತಾಲ್ಲೂಕಿನ ಹೊಟ್ಟೆ ಸರಿ ಮಾಡಿದವಳು ನೀನು ಅತ್ತಿಗೆ. ನಿನ್ನ ಹೊಟ್ಟೆಗೆ ಶಿವಮೊಗ್ಗದ ಚಾಕು ಬೇಕಾ? ಒಂದ್ಸಲ ಕೈ ಇಡ್ತೀನಿ, ಸುಮ್ನೆ ಮಲಗು."

"ಇಟ್ಟರೆ ಕೈ ಮುರಿದು ಹಾಕ್ತೀನಿ."

"ಕೊಯ್ಸಿಕೊಂಡ ಮೇಲೆ ನಿನ್ನ ಬಾಗಿಲಿಗೆ ಯಾರೂ ಬರಲ್ಲ, ನೆನಪಿರಲಿ."

"ಬರದಿದ್ರೆ ಮಧ್ಯಾಹ್ನ ನಿದ್ದೆನಾದ್ರೂ ಮಾಡ್ತೀನಿ ಬಿಡು ಮಾರಾಯ್ತಿ."

ನಗು ತರಿಸುವಂತೆ ಹೇಳಿದಳು, ಆದರೆ ಬೆವರುತ್ತಿದ್ದಳು. ನಾದಿನಿ ಎಣ್ಣೆ ಬಟ್ಟಲು ಹಿಡಿದುಕೊಂಡೇ ಅತ್ತಳು. ಪ್ರೀತಿಯಿಂದಲೇ ಬಂದಿದ್ದಳು ಅವಳು.

ಶಸ್ತ್ರಚಿಕಿತ್ಸೆಯನ್ನು ಸರ್ಜನ್ ಆಮೇಲೆ ವಿವರಿಸಿದರು. ಕಟುವಾದ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ಯಕೃತ್ತಿನ ಸುತ್ತ ಒತ್ತಾಗಿ ಇಟ್ಟರಂತೆ, ಒಂದು ತೊಟ್ಟೂ ಆಚೆ ಹೋಗದಿರಲೆಂದು. ಸೂಜಿಯಿಂದ ಚೀಲದ ನೀರು ಹೀರಿ, ಒಳಗಿನ ಜೀವ ಸಾಯಲು ಅದಕ್ಕೂ ಉಪ್ಪುನೀರು ಬಿಟ್ಟು, ಆಮೇಲೆ ತೆರೆದರಂತೆ. ತೆಗೆದದ್ದನ್ನು ಸ್ಟೀಲ್ ತಟ್ಟೆಯಲ್ಲಿ ತೋರಿಸಿದರು: ಬೇಯಿಸಿದ ಮೊಟ್ಟೆಯ ಬಿಳಿಯಂಥ ಪೊರೆ, ಅದರ ನಡುವೆ ದ್ರಾಕ್ಷಿಯಷ್ಟು ಗಾತ್ರದ ಚೀಲಗಳು. ಒಡೆದಿರಲಿಲ್ಲ. ಮುಂಭಾಗದಲ್ಲಿ ಒಂದು ಕಡೆ ಗೋಡೆ ತೀರಾ ತೆಳುವಾಗಿತ್ತು ಎಂದರು. ದೊಡ್ಡಮ್ಮ ದಿನಾ ಬೆರಳು ಒತ್ತುತ್ತಿದ್ದ ಜಾಗ ಅದೇ.

ಪಿತ್ತ ಸೋರಿ ಹೋಗಲು ಹೊಟ್ಟೆಗೆ ಹಾಕಿದ ನಳಿಗೆಯನ್ನು ಕೆಲವು ದಿನ ತೆಗೆಯಲಿಲ್ಲ. ಜ್ವರ ಬಂತು, ಇಳಿಯಿತು. ದೊಡ್ಡಮ್ಮ ಮನೆಗೆ ಬಂದಳು.

ನಾದಿನಿ ಹೇಳಿದಂತೆಯೇ ಆಯಿತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಆರೋಗ್ಯ ವಿಚಾರಿಸಿ, ಚಹಾ ಕುಡಿದು, ಹೊಟ್ಟೆ ತೋರಿಸಲು ಪಕ್ಕದ ಮನೆಗೆ ಹೋಗುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಶಿಕಾರಿಪುರದಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿದೆವು. ಹೊಸ ಚೀಲ ಇರಲಿಲ್ಲ. ಇನ್ನೂ ಕೆಲವು ವರ್ಷ ನೋಡುತ್ತಿರಬೇಕು ಎಂದರು. ಸೊರಬದಲ್ಲಿ ಬಸ್ ಬದಲಿಸಿ ಊರಿಗೆ ಬಂದಾಗ ದೊಡ್ಡಮ್ಮ ತನ್ನ ಮನೆಯ ಬೀಗ ತೆಗೆಯದೆ ನೇರ ನಾದಿನಿಯ ಮನೆಗೆ ನಡೆದಳು. ಆನವಟ್ಟಿ ಕಡೆಯ ಹೆಂಗಸೊಬ್ಬಳು ಚಾಪೆಯ ಮೇಲೆ ಮಲಗಿದ್ದಳು.

"ಬಲಗಡೆ, ಇಲ್ಲಿ, ಗಟ್ಟಿ ಏನಾದ್ರೂ ಸಿಕ್ಕಿದ್ರೆ ಕೈ ತೆಗೆದುಬಿಡು" ಎಂದಳು ನಾದಿನಿಗೆ.

"ತೆಗೆದು? ಬಂದವರಿಗೆ ಏನು ಹೇಳ್ಲಿ?"

ದೊಡ್ಡಮ್ಮ ಗಾಯದ ಕಡೆಗೆ ಬಾಗದಂತೆ ಗೋಡೆ ಹಿಡಿದು ಕೂತಳು.

"ನನಗೆ ತಿಳೀತಿಲ್ಲ, ತೋರಿಸ್ಕೊಂಡು ಬಾ ಅನ್ನು."

"ಹಂಗಂದ್ರೆ ನನ್ನ ಕೈಗೆ ಏನು ಬೆಲೆ ಉಳೀತದೆ ಅತ್ತಿಗೆ?"

"ಉಳಿಯಲ್ಲ."

ಮಲಗಿದ್ದ ಹೆಂಗಸು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ನಾದಿನಿ ಎಣ್ಣೆ ಬಟ್ಟಲನ್ನು ದೂರ ಸರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಒತ್ತದೆ, ಬರೀ ಅಂಗೈ ಇಟ್ಟು ಆಕೆಯ ಬಲ ಪಕ್ಕೆಯ ಕೆಳಗೆ ಮೆಲ್ಲಗೆ ಹುಡುಕತೊಡಗಿದಳು.